ಪಕ್ಕದ ಮನೆಯವರನ್ನು ಬೂತ್‌ವರೆಗೆ ಹೊರಡಿಸುವುದು ಹೇಗೆ?

ಸ್ಟಾರ್‌ಗಳು ಶಾಯಿ ಹಚ್ಚಿದ ಬೆರಳು ತೋರಿಸಿ ಫೋಟೊ ಹಾಕುತ್ತಾರೆ, ನಾವು ಲೈಕ್ ಒತ್ತಿ ಮತ್ತೆ ಮಲಗುತ್ತೇವೆ. ಬೆಂಗಳೂರಿನ ಕಥೆ ಇದೇ ಅಲ್ವಾ?

ನಿಜವಾದ ಕೆಲಸ ಮತದಾನದ ದಿನಕ್ಕಿಂತ ಮುಂಚಿನದು. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮೊದಲು ನೋಡಿಸಿ. ರಾಹುಲ್ ದ್ರಾವಿಡ್ ರಾಜ್ಯದ ಚುನಾವಣಾ ರಾಯಭಾರಿಯಾಗಿ ಊರಿಗೆಲ್ಲ ವೋಟ್ ಹಾಕಿ ಎಂದವರು, ಆದರೆ 2019ರಲ್ಲಿ ಅವರಿಗೇ ಹಾಕಲು ಆಗಲಿಲ್ಲ. ಮನೆ ಬದಲಾದಾಗ ಹಳೇ ವಿಳಾಸದಿಂದ ಹೆಸರು ಹೋಯಿತು, ಹೊಸ ವಿಳಾಸಕ್ಕೆ ಸಮಯಕ್ಕೆ ಸರಿಯಾಗಿ ಸೇರಲಿಲ್ಲ. ಈಗ ಮನೆ ಬದಲಿಸಿದವರಿಗೆ ಫಾರಂ 8, ಹೊಸಬರಿಗೆ ಫಾರಂ 6. ಗೊಂದಲವಿದ್ದರೆ 1950ಕ್ಕೆ ಫೋನ್ ಮಾಡಿ.

ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ "ತಪ್ಪದೇ ಮತ ಹಾಕಿ" ಅಂತ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಯಾರೂ ಓದಲ್ಲ. ಹಿಂದಿನ ದಿನ ಒಬ್ಬೊಬ್ಬರನ್ನೇ ಕೇಳಿ: "ಎಷ್ಟು ಹೊತ್ತಿಗೆ ಹೋಗ್ತೀರಾ, ಬೂತ್ ಎಲ್ಲಿ, ಜೊತೆಗೆ ಹೋಗೋಣವಾ?" ಬಿಸಿಲು ಏರುವ ಮುಂಚೆ ಹೊರಟರೆ ಒಳ್ಳೆಯದು. ವೋಟರ್ ಐಡಿ ಸಿಗದಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್ ಕೂಡ ನಡೆಯುತ್ತದೆ, ಹೆಸರು ಮಾತ್ರ ಪಟ್ಟಿಯಲ್ಲಿರಬೇಕು.

ಆಸೆ ತೋರಿಸಬೇಕೆಂದರೆ ತಿಂಡಿಯೇ ಸರಿ. 2024ರಲ್ಲಿ ಬೆಂಗಳೂರಿನ ಕೆಲವು ಹೋಟೆಲ್‌ಗಳು ಶಾಯಿ ತೋರಿಸಿದವರಿಗೆ ಉಚಿತ ದೋಸೆ ಕೊಟ್ಟವು. ಆದರೆ ಯಾರಿಗೆ ಹಾಕಬೇಕು ಅಂತ ಮಾತ್ರ ಹೇಳಬೇಡಿ, ಅಲ್ಲಿಗೆ ಜಗಳ ಶುರು. ತಡವಾದವರಿಗೂ ಹೇಳಿಬಿಡಿ, ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ವೋಟ್ ಹಾಕಲು ಬಿಡುತ್ತಾರೆ.