ಬೆಳಗ್ಗೆ ಮಾತ್ರೆ, ಸಂಜೆ ಶುಗರ್: ಸ್ಟಿರಾಯ್ಡ್ ತಗೊಳ್ಳುವಾಗ ನಾನು ಊಟ ಬದಲಿಸಿಕೊಂಡ ಬಗೆ

ಸ್ಟಿರಾಯ್ಡ್ ಮಾತ್ರೆ ತಗೊಳ್ಳುವವರು ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನಂಬಿ ಕೂರಬಾರದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಕೀಲು ಊತಕ್ಕೆ ಡಾಕ್ಟರು ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಬರೆದುಕೊಟ್ಟಾಗ ನಾನು ಆಗಲೇ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೆ. ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿಲಿಗ್ರಾಂ, ಬೆಳಗ್ಗೆ ತಿಂಡಿಯ ಜೊತೆ. ಸ್ವಲ್ಪ ದಿನಕ್ಕೇ ಬಾಯಿ ಒಣಗತೊಡಗಿತು, ಪದೇ ಪದೇ ಮೂತ್ರಕ್ಕೆ ಏಳಬೇಕಾಯಿತು. ಬೆಳಗ್ಗೆ ಬೆರಳು ಚುಚ್ಚಿ ನೋಡಿದರೆ 104. ಚೆನ್ನಾಗೇ ಇದೆ ಅಲ್ವಾ? ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು ನೋಡಿದೆ, 268. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಇನ್ನೊಂದು ಬೆರಳಲ್ಲಿ ನೋಡಿದೆ. 261.

ಬೆಳಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಶುಗರ್ ಮೇಲೆ ಜೋರು ತೋರಿಸುವುದು ಸುಮಾರು 4ರಿಂದ 8 ಗಂಟೆ ಕಳೆದ ಮೇಲೆ. ಆಗ ಲಿವರ್ ಜಾಸ್ತಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಮಾಂಸಖಂಡಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಮಾತ್ರೆಯ ಜೋರು ಇಳಿದು, ಬೆಳಗಿನ ಶುಗರ್ ಏನೂ ಆಗಿಲ್ಲ ಅನ್ನುವ ಹಾಗೆ ಕಾಣುತ್ತದೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, ಹಾಗಾಗಿ ಶುರುವಿನ ವಾರಗಳಲ್ಲಿ ಅದೂ ಇದನ್ನು ಹಿಡಿಯುವುದಿಲ್ಲ.

ಆದ್ದರಿಂದ ಇಡೀ ದಿನ ಕಾರ್ಬ್ (ಊಟದಲ್ಲಿರುವ ಪಿಷ್ಟ, ಸಕ್ಕರೆ) ಬಿಟ್ಟು ಒದ್ದಾಡುವ ಬದಲು ನಾನು ಗಡಿಯಾರ ನೋಡಿ ಕಡಿಮೆ ಮಾಡಿದೆ. ದಿನದ ಕಾರ್ಬ್ ಸುಮಾರು 100 ಗ್ರಾಂ ಒಳಗೆ. ಅದರಲ್ಲಿ ದೊಡ್ಡ ಪಾಲು ಬೆಳಗಿನ ತಿಂಡಿಗೆ, ಮಾತ್ರೆ ಇನ್ನೂ ತಲೆ ಎತ್ತಿರದ ಹೊತ್ತಿಗೆ. ಬೇಯಿಸಿದ ಒಂದು ಕಪ್ ಅನ್ನದಲ್ಲಿ ಹತ್ತಿರ ಹತ್ತಿರ 45 ಗ್ರಾಂ ಕಾರ್ಬ್ ಇರುತ್ತದೆ. ಮಧ್ಯಾಹ್ನ ಅದನ್ನು ಪೂರ್ತಿ ತೆಗೆದೆ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಮೊಟ್ಟೆ ಅಥವಾ ಮೀನು, ಮಿಕ್ಕ ಜಾಗದಲ್ಲಿ ಸ್ವಲ್ಪ ಬೇಯಿಸಿದ ಕಾಳು. ಮೊದಲು ತರಕಾರಿ, ಆಮೇಲೆ ಮೊಟ್ಟೆ, ಕಾಳು ಕೊನೆಗೆ. ಈ ಕ್ರಮದಲ್ಲಿ ತಿಂದರೆ ಶುಗರ್ ಏರುವ ವೇಗ ಕಡಿಮೆಯಾಗುತ್ತದೆ. ಊಟವಾದ ಕೂಡಲೇ ಕಾಲು ಗಂಟೆ ನಡೆದಾಡುತ್ತಿದ್ದೆ. ಕೀಲು ನೋವಿದ್ದ ದಿನ ಮನೆಯೊಳಗೇ.

ನಿಜವಾಗಿ ಕಷ್ಟವಾಗಿದ್ದು ಹಸಿವು. ಸ್ಟಿರಾಯ್ಡ್ ಹಸಿವು ಅಂದರೆ ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವಂಥದ್ದಲ್ಲ. ಊಟ ಮಾಡಿ ಎದ್ದ ಅರ್ಧ ಗಂಟೆಗೇ ಏನಾದರೂ ಬೇಕು ಅನಿಸುತ್ತದೆ. ಇದನ್ನು ನಿಮ್ಮ ಬಲಹೀನತೆ ಅಂದುಕೊಳ್ಳಬೇಡಿ, ಮಾತ್ರೆಯ ಕೆಲಸ ಅದು. ಸಂಜೆ ನಾಲ್ಕರ ಹೊತ್ತಿಗೆ ಸಿದ್ಧವಾಗಿರಲಿ ಅಂತ ಬೆಳಗ್ಗೆಯೇ ಮೊಟ್ಟೆ ಬೇಯಿಸಿ ಇಡುತ್ತಿದ್ದೆ. ಜೊತೆಗೆ ಸಕ್ಕರೆ ಹಾಕದ ಗಟ್ಟಿ ಮೊಸರು, ಒಂದು ಹಿಡಿ ಬಾದಾಮಿ. ಪ್ರೋಟೀನ್ ಹೊಟ್ಟೆ ತುಂಬಿಸುವುದಷ್ಟೇ ಅಲ್ಲ, ಸ್ಟಿರಾಯ್ಡ್ ಮಾಂಸಖಂಡ ಕರಗಿಸುವುದರಿಂದ ಅದು ಬೇಕೇ ಬೇಕು. ಉಪ್ಪು ಜಾಸ್ತಿ ಇರುವ ಪ್ಯಾಕೆಟ್ ತಿಂಡಿಯಲ್ಲಿ ಕಾರ್ಬ್ ಕಡಿಮೆ ಇದ್ದರೂ ಮುಟ್ಟಲಿಲ್ಲ. ಈ ಔಷಧಿ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಮುಖ ಮೊದಲೇ ಊದಿರುತ್ತದೆ.

ಕೆಲವು ದಿನಗಳಲ್ಲಿ ಮಧ್ಯಾಹ್ನದ ಅಂಕಿ 170ರ ಆಸುಪಾಸಿಗೆ ಬಂತು. ಊಟವಾಗಿ ಎರಡು ಗಂಟೆಗೆ 180ರ ಒಳಗಿರಲಿ ಅಂತ ಡಾಕ್ಟರು ಹೇಳಿದ್ದರು. ಊಟ, ಹೊತ್ತು, ಅಂಕಿ ಬರೆದಿಟ್ಟ ಪುಸ್ತಕ ತೋರಿಸಿದಾಗ ಮೆಟ್‌ಫಾರ್ಮಿನ್ ಅಷ್ಟೇ ಸಾಕು ಅಂದರು. ಡೋಸ್ ಜಾಸ್ತಿ ಇದ್ದರೆ ಬರೀ ಊಟದಿಂದ ಆಗದೇ ಇರಬಹುದು, ಇನ್ಸುಲಿನ್ ಬೇಕಾಗಬಹುದು. ಅದಕ್ಕೆ ಹೆದರಿ ಊಟವನ್ನು ಇನ್ನೂ ಹಿಂಡಬೇಡಿ. ಶುಗರ್ ಏರಿತು ಅಂತ ಸ್ಟಿರಾಯ್ಡನ್ನು ನೀವೇ ನಿಲ್ಲಿಸಲೂಬೇಡಿ. ವಾರಗಟ್ಟಲೆ ತಗೊಂಡ ಮೇಲೆ ದೇಹ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ದಿಢೀರ್ ಬಿಟ್ಟರೆ ಜೀವಕ್ಕೇ ಅಪಾಯ.

ಕಾರ್ಬ್ ಇಳಿಸುವ ಮೊದಲು ಶುಗರ್ ಮಾತ್ರೆ ಯಾವುದು ಅಂತಲೂ ನೋಡಿಕೊಳ್ಳಿ. ಗ್ಲಿಮೆಪಿರೈಡ್ ಥರದ್ದಾದರೆ ಶುಗರ್ ತೀರಾ ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಶುಗರ್ ಅಷ್ಟೇನೂ ಏರದೆಯೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು) ಆಗುವ ಭಯವಿದೆ. ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಡಾಕ್ಟರು ಸ್ಟಿರಾಯ್ಡ್ ಡೋಸ್ ಇಳಿಸುತ್ತಾ ಬಂದಂತೆ ಮಧ್ಯಾಹ್ನದ ಅಂಕಿಯೂ ಇಳಿಯಿತು. 5 ಮಿಲಿಗ್ರಾಂಗೆ ಬಂದಾಗ ಅರ್ಧ ಕಪ್ ಅನ್ನ ಸೇರಿಸಿ ನೋಡಿದೆ, 142. ಆಮೇಲೂ ಹಾಗೇ ಇತ್ತು, ಅನ್ನ ಉಳಿಸಿಕೊಂಡೆ. ಇನ್ಸುಲಿನ್ ಮೇಲಿರುವವರು ಮಾತ್ರ ಸ್ಟಿರಾಯ್ಡ್ ಇಳಿಸುವ ದಿನವೇ ಇನ್ಸುಲಿನ್ ಎಷ್ಟು ಇಳಿಸಬೇಕು ಅಂತಲೂ ಕೇಳಿಕೊಂಡು ಬನ್ನಿ. ಅದು ಹಳೆಯ ಲೆಕ್ಕದಲ್ಲೇ ಉಳಿದರೆ ಶುಗರ್ ತೀರಾ ಕೆಳಗೆ ಹೋಗುತ್ತದೆ.