ಕೊಡಗಿನಲ್ಲಿ 3ಡಿಎಸ್ ಸ್ಟ್ರೀಟ್‌ಪಾಸ್ ಆಡುವವರಿಗೆ

2011ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ ನಿಂಟೆಂಡೊ 3ಡಿಎಸ್ ಅನ್ನು ಹಳೆಯದಾಗಿ ಕೊಂಡವರು, ಅದರ ಆನ್‌ಲೈನ್ ಸೇವೆಗಳು 2024ರ ಏಪ್ರಿಲ್‌ನಲ್ಲಿ ನಿಂತಿದ್ದರಿಂದ ಸ್ಟ್ರೀಟ್‌ಪಾಸ್ ಕೂಡ ನಿಂತಿದೆಯೆಂದು ಭಾವಿಸಬೇಕಿಲ್ಲ. ಎರಡು ಸಾಧನಗಳು ಹತ್ತಿರ ಬಂದಾಗ ನೇರವಾಗಿ ಆಟದ ಮಾಹಿತಿ ಹಂಚಿಕೊಳ್ಳುವ ಈ ವ್ಯವಸ್ಥೆಗೆ ಇಂಟರ್‌ನೆಟ್ ಬೇಕಿಲ್ಲ. ವೈರ್‌ಲೆಸ್ ಚಾಲೂ ಇಟ್ಟು ಮುಚ್ಚಳ ಮುಚ್ಚಿದರೆ ಸಾಕು.

ಆದರೆ ತೋಟದ ಮನೆಗಳು ದೂರ ದೂರ ಇರುವ ನಮ್ಮಲ್ಲಿ ಎದುರಿಗೆ ಇನ್ನೊಂದು 3ಡಿಎಸ್ ಸಿಗುವುದು ಅಪರೂಪ, ಮಡಿಕೇರಿ ದಸರಾದ ಜನಜಂಗುಳಿಯಲ್ಲೂ ಅದನ್ನು ನೆಚ್ಚಿಕೊಳ್ಳಲಾಗದು. ಆದ್ದರಿಂದ ಸಾಧನವನ್ನು ಜೇಬಿನಲ್ಲಿಟ್ಟು ನಡೆದರೆ ಸಿಗುವ, ಆಟಗಳಲ್ಲಿ ಖರ್ಚು ಮಾಡಬಹುದಾದ ಪ್ಲೇ ಕಾಯಿನ್‌ಗಳನ್ನು ಕೂಡಿಡುವುದೇ ಜಾಣತನ. 100 ಹೆಜ್ಜೆಗೆ ಒಂದರಂತೆ ದಿನಕ್ಕೆ ಗರಿಷ್ಠ 10, ಒಟ್ಟು 300ರವರೆಗೆ ಅವು ಸೇರುತ್ತವೆ; ತೋಟದಲ್ಲಿ ಒಂದು ಸುತ್ತು ಹಾಕುವವರ ಜೇಬಿನಲ್ಲಿ ಇವು ತಾವಾಗಿಯೇ ತುಂಬುತ್ತವೆ. (ಮಳೆಗಾಲದಲ್ಲಿ ಜಗಲಿಯಲ್ಲೇ ಅಡ್ಡಾಡಿ, ಸಾಧನವನ್ನು ನೆನೆಸಬೇಡಿ.)

ಸ್ಟ್ರೀಟ್‌ಪಾಸ್‌ನ ಆಟಗಳಲ್ಲೊಂದಾದ, ತುಣುಕು ಜೋಡಿಸಿ ಚಿತ್ರ ಪೂರ್ಣಗೊಳಿಸುವ ಪಜಲ್ ಸ್ವಾಪ್‌ನಲ್ಲಿ ಎರಡು ಕಾಯಿನ್ ಕೊಟ್ಟರೆ ಚಿತ್ರದ ಒಂದು ತುಣುಕು ಸಿಗುತ್ತದೆ, ಆದರೆ ಇದ್ದದ್ದೇ ಮತ್ತೆ ಬಂದು ಬೇಸರವಾಗಬಹುದು. ಸೆರೆಯಾದ ನಮ್ಮ ಮೀಯನ್ನು (ಆಟಗಾರರನ್ನು ಪ್ರತಿನಿಧಿಸುವ ಗೊಂಬೆಯಂಥ ಪಾತ್ರ) ವೀರರು ಬಿಡಿಸುವ ಫೈಂಡ್ ಮೀ ಆಟ ನನಗೆ ಹೆಚ್ಚು ಹಿಡಿಸಿತು: ಎರಡು ಕಾಯಿನ್‌ಗೆ ಬಾಡಿಗೆ ವೀರರು ದೊರೆಯುತ್ತಾರೆ, ನಿಜವಾಗಿ ಎದುರಾದವರಾದರೆ ಅವರ ಮೀಯ ಅಂಗಿಯ ಬಣ್ಣವೇ ಅವರ ಮಂತ್ರವನ್ನು ನಿರ್ಧರಿಸುತ್ತದೆ ಮತ್ತು ಅದೇ ಗೆಳೆಯರು ಪುನಃ ಸಿಕ್ಕಿದಷ್ಟೂ ಅವರ ಬಲ ಹೆಚ್ಚುತ್ತದೆ. ಹೀಗಾಗಿ 3ಡಿಎಸ್ ಇರುವ ಗೆಳೆಯರೊಬ್ಬರನ್ನು ಹುಡುಕಿಕೊಂಡು, ಆಟದೊಳಗಿನ ಕತ್ತಲ ಕೋಣೆಗಳನ್ನು ಬೆಳಗಿಸಲು ಅವರ ಮೀಗೆ ಬಿಳಿ ಅಂಗಿ ತೊಡಿಸುವಂತೆ ಈಗಲೇ ಕೇಳಿಕೊಳ್ಳಿ.