ಹುಲ್ಲಿನ ಬಯಲಿಗೆ ನಾವಿಬ್ಬರೇ

ಕೆನಡಾದಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗಿಬರೋಣವೆಂದರೆ ಎಲ್ಲರೂ ಹೇಳುವ ಹೆಸರು ರಾಕಿ ಪರ್ವತಗಳ ನಡುವಿನ ಬ್ಯಾನ್ಫ್. ರೆಜೈನಾದಲ್ಲಿರುವ ನಮಗೆ ಅದು ದೂರ, ದುಬಾರಿ, ಬೇಸಿಗೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ನಾನು ಆರಿಸಿದ್ದು ನಮ್ಮದೇ ಸಸ್ಕ್ಯಾಚುವನ್ ಪ್ರಾಂತ್ಯದ ದಕ್ಷಿಣದ ಅಂಚಿನಲ್ಲಿ, ಅಮೆರಿಕದ ಗಡಿಯ ಬಳಿ ಇರುವ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ನಕ್ಷೆ ತೋರಿಸಿದಾಗ ನಮ್ಮವರು, "ಅಲ್ಲೇನಿದೆ, ಬರೀ ಹುಲ್ಲು ತಾನೆ?" ಎಂದರು. ಹುಲ್ಲೇ. ಅದಕ್ಕೇ ಹೋಗಬೇಕಾದದ್ದು.

ದಿನ ಗೊತ್ತುಮಾಡಲು ಪಂಚಾಂಗ ತೆಗೆದೆ. ಈ ಉದ್ಯಾನ 2009ರಿಂದ ಕತ್ತಲ ಆಕಾಶದ ಸಂರಕ್ಷಿತ ತಾಣ, ಅಂದರೆ ನಕ್ಷತ್ರ ಕಾಣುವಂತೆ ದೀಪದ ಬೆಳಕನ್ನು ದೂರವಿಟ್ಟ ಜಾಗ. ಬೆಳದಿಂಗಳನ್ನು ಕವಿಗಳು ಎಷ್ಟೇ ಹೊಗಳಲಿ, ಆಕಾಶಗಂಗೆ ಕಾಣಬೇಕಾದರೆ ಅಮಾವಾಸ್ಯೆಯೇ ಬೇಕು. ಜೂನ್ ಕೊನೆಯ ಹೊತ್ತಿಗೆ ಇಲ್ಲಿ, 49 ಡಿಗ್ರಿ ಅಕ್ಷಾಂಶದಲ್ಲಿ, ನಡುರಾತ್ರಿಯಾದರೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಜೊತೆಗೆ ಉಣ್ಣಿಗಳ ಕಾಟ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಬೈಸನ್‌ಗಳು, ನಮ್ಮ ಕಾಟಿಯಂಥ ಭಾರಿ ಪ್ರಾಣಿಗಳು, ಬೆದೆಗೆ ಬಂದಿರುತ್ತವೆ, ಗಂಡುಗಳ ಸಿಟ್ಟು ನೆತ್ತಿಗೇರಿರುತ್ತದೆ. ಹೀಗೆಲ್ಲ ಕಳೆದು ಉಳಿದದ್ದು ಸೆಪ್ಟೆಂಬರಿನ ಆರಂಭ, ಬೆನಕನ ಅಮಾವಾಸ್ಯೆಯ ಆಸುಪಾಸು. ಅಮಾವಾಸ್ಯೆಗೆ ಪ್ರಯಾಣ ಹೊರಡುತ್ತಿದ್ದೇವೆಂದು ಊರಿನಲ್ಲಿರುವ ಅತ್ತೆಯವರಿಗೆ ಮಾತ್ರ ಹೇಳಲಿಲ್ಲ.

ಬಯಲಿನಲ್ಲಿ ಗಾಳಿಗೆ ಅಡ್ಡವಾಗಿ ಒಂದು ಮರವೂ ಇಲ್ಲ. ಆದ್ದರಿಂದ ಸಣ್ಣ ಟೆಂಟಿನ ಆಸೆ ಬಿಟ್ಟು, ಫ್ರೆಂಚ್‌ಮನ್ ಕಣಿವೆಯ ಬಿಡಾರದಲ್ಲಿ ಉದ್ಯಾನದವರೇ ಕಟ್ಟಿರುವ, ಮಂಚಗಳಿರುವ ದೊಡ್ಡ ಡೇರೆಯನ್ನು ಕಾಯ್ದಿರಿಸಿದೆ. ಹಾಸಿಗೆ ಬಟ್ಟೆ, ಹೊದಿಕೆ ನಾವೇ ಒಯ್ಯಬೇಕು. ಸ್ವಿಫ್ಟ್ ಕರೆಂಟ್ ಪಟ್ಟಣದಲ್ಲಿ ಪೆಟ್ರೋಲ್ ತುಂಬಿಸಿಕೊಂಡು 4ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ವ್ಯಾಲ್ ಮೇರಿ ಎಂಬ ಪುಟ್ಟ ಊರು, ಆಚೆ ಉದ್ಯಾನ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದೆ.

ಗದಗ ಕಡೆಯವಳಾದ ನನಗೆ ಅಲ್ಲಿನ ಮಣ್ಣು ಹೊಸದಲ್ಲ. ಮಳೆ ಬಿದ್ದರೆ ನಮ್ಮ ಎರೆಹೊಲದಂತೆಯೇ ಚಕ್ರಕ್ಕೆ ಮೆತ್ತಿಕೊಂಡು ಗಾಡಿಯನ್ನು ಬಿಡುವುದೇ ಇಲ್ಲ. ಮಳೆಯ ಮುನ್ಸೂಚನೆ ಇದ್ದರೆ ಒಂದು ದಿನ ತಡವಾಗಿ ಹೊರಡುವುದು ಅಥವಾ ಹೊರಡದಿರುವುದು ಎಂದು ಮೊದಲೇ ನಿರ್ಧರಿಸಿದ್ದೆ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಣಹುಲ್ಲಿನ ನಾಡಿನಲ್ಲಿ ಬೆಂಕಿಗೆ ಯಾವಾಗ ಬೇಕಾದರೂ ನಿಷೇಧ ಬರಬಹುದು. ಮೇಣದಬತ್ತಿಯ ಬೆಳಕಿನ ಊಟದ ಕನಸಿದ್ದರೆ ಬಿಟ್ಟುಬಿಡಿ, ಗಾಳಿಯೇ ಅದನ್ನು ಆರಿಸುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡೆವು. ಕತ್ತಲಿಗೆ ಹೊಂದಿಕೊಂಡ ಕಣ್ಣು ಅದರಿಂದ ಕೆಡುವುದಿಲ್ಲ.

ಸಂಜೆ ಮಣ್ಣುರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸಿದೆವು. ಇಲ್ಲಿಂದ ಅಳಿಸಿಹೋಗಿದ್ದ ಬೈಸನ್‌ಗಳನ್ನು 2005ರಲ್ಲಿ ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಎಲ್ಕ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನದಿಂದ ಮರಳಿ ತಂದರು. ಕನಿಷ್ಠ 100 ಮೀಟರ್ ದೂರವಿರಬೇಕೆಂಬುದು ನಿಯಮ, ನಮ್ಮವರ ಕ್ಯಾಮೆರಾಕ್ಕೂ ಅನ್ವಯಿಸುತ್ತದೆ. ಹುಲ್ಲಿನ ನಡುವೆ ಒಂಟಿ ಬಂಡೆಯೊಂದಿತ್ತು. ಹಿಮನದಿ ಬಿಟ್ಟುಹೋದ ಕಲ್ಲು. ತಲೆತಲಾಂತರದಿಂದ ಬೈಸನ್‌ಗಳು ಮೈ ಉಜ್ಜಿ ಅದರ ಅಂಚುಗಳು ನುಣುಪಾಗಿವೆ, ಸುತ್ತಲಿನ ನೆಲ ತುಳಿತಕ್ಕೆ ತಗ್ಗಾಗಿದೆ. ಅಂಗೈಯಾಡಿಸಿದರೆ ನಮ್ಮ ಮನೆಯ ಒರಳಿನ ಒಳಮೈ ಮುಟ್ಟಿದಷ್ಟು ನಯ.

ಅಲ್ಲಿಂದ ಮುಂದೆ ಪ್ರೇರಿ ಡಾಗ್‌ಗಳ ಬಿಲಗಳು. ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲಿನ ನೆಂಟ. ಕಪ್ಪು ಬಾಲದ ಈ ಪ್ರಾಣಿ ಕೆನಡಾದಲ್ಲಿ ಸಹಜವಾಗಿ, ಸ್ವತಂತ್ರವಾಗಿ ಬದುಕಿ ಉಳಿದಿರುವುದು ಈ ಭಾಗದಲ್ಲಿ ಮಾತ್ರ. ಎರಡು ಎದುರಾದರೆ ಬಾಯಿಗೆ ಬಾಯಿ ತಾಗಿಸಿ ಗುರುತು ಹಿಡಿಯುತ್ತವೆ. ಅದನ್ನು ಕಂಡು ನಮ್ಮವರು, "ಇಷ್ಟು ದೂರ ಕರೆತಂದದ್ದು ಇದನ್ನು ತೋರಿಸಲಿಕ್ಕಾ?" ಎಂದು ನಕ್ಕರು. ರಾತ್ರಿ ಕುರ್ಚಿ ಹಾಕಿ, ಕಂಬಳಿ ಹೊದ್ದು ಕೂತಾಗ ಮನೆಯಲ್ಲಿ ಬಾಯಿಬಿಡದ ಮನುಷ್ಯ ತಮ್ಮ ಬಾಲ್ಯದ ಕಥೆಗಳನ್ನೆಲ್ಲ ಬಿಚ್ಚಿದರು. ಮೊಬೈಲ್ ಸತ್ತಿದ್ದರ ಪುಣ್ಯ.

ಈಗ ಪರಿಚಯದ ಜೋಡಿಗಳು ಕೇಳಿದರೆ ನಾನು ಎರಡು ಪ್ರಶ್ನೆ ಹಾಕುತ್ತೇನೆ: ಗಾಳಿ ತಡೆಯುತ್ತೀರಾ? ಸುಮ್ಮನೆ ಕೂರಬಲ್ಲಿರಾ? ಹುಲ್ಲಿನಲ್ಲಿ ಬಾಲ ಅಲುಗಿಸಿ ಗಿಲಕಿಯಂತೆ ಸದ್ದು ಮಾಡುವ ವಿಷದ ರ‍್ಯಾಟಲ್ ಹಾವೂ ಇರುತ್ತದೆ, ಗಟ್ಟಿ ಬೂಟು ಬೇಕು ಎಂದೂ ಹೇಳುತ್ತೇನೆ. ಮುಖ ಸಿಂಡರಿಸಿದವರನ್ನು ನಮ್ಮ ಪ್ರಾಂತ್ಯದ ಇನ್ನೊಂದು ಉದ್ಯಾನವಾದ ಸೈಪ್ರೆಸ್ ಹಿಲ್ಸ್‌ಗೆ ಕಳಿಸುತ್ತೇನೆ. ಅಲ್ಲಿ ಪೈನ್ ಮರದ ನೆರಳಿದೆ, ಕೆರೆಯಿದೆ, ಬಿಸಿನೀರಿನ ಸ್ನಾನದ ಕೋಣೆಯೂ ಇದೆ.